ಕೊಸರು, ಚಿಲ್ಲರೆ ಮತ್ತು ಸೌಜನ್ಯ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ವಾಡಿಕೆಯಂತೆ ಯಾವುದಾದರೊಂದು ಕಾವ್ಯದ ರಸವಿಚಾರವನ್ನೋ ಛಂದಸ್ಸಿನ ತೊಡಕನ್ನೋ ಎತ್ತಿಕೊಳ್ಳಬೇಕೆಂದು ಮೊದಲು ಯೋಚಿಸಿದ್ದೆ. ಆದರೆ ಕೆಲವು ವರ್ಷಗಳಿಂದ ನನ್ನ ಮನಸ್ಸಿನಲ್ಲಿ ಸುಳಿದಾಡುತ್ತಿರುವ ವಿಷಯವೇ ಬೇರೆ. ಪೆಟ್ರೋಲ್ ಬಂಕಿನಲ್ಲಿ ಹಣ ಕೊಡುವಾಗ ಉಳಿಯುವ ಕೆಲವು ಪೈಸೆಗಳನ್ನು, ಒಮ್ಮೊಮ್ಮೆ ಒಂದೆರಡು ರೂಪಾಯಿಗಳನ್ನು, ಬಿಡಬೇಕೇ ಕೇಳಬೇಕೇ? ಬಿಡುವುದಾದರೆ ಯಾರಿಗೆ, ಯಾವ ರೀತಿಯಲ್ಲಿ? ಇಷ್ಟು ಅಲ್ಪವಾದ ವಿಷಯವನ್ನು ಪಂಡಿತನಾದವನು ಬರೆಯುವುದೇ ಎಂದು ವಾಚಕ ಮಹನೀಯರು ಹುಬ್ಬೇರಿಸಬಹುದು. ಅರ್ಧ ಮಾತ್ರೆ ಉಳಿದರೂ ಮಗ ಹುಟ್ಟಿದಷ್ಟು ಹಿಗ್ಗುವವರು ವೈಯಾಕರಣರು ಎಂಬ ಹಳೆಯ ಮಾತೊಂದುಂಟು. ಅಲ್ಪವನ್ನು ಅಲಕ್ಷಿಸದಿರುವುದೇ ನಮ್ಮ ವೃತ್ತಿಯಾಗಿರುವುದರಿಂದ ಈ ಸಾಹಸಕ್ಕೆ ಕ್ಷಮೆಯಿರಲಿ.

ಮೊದಲು ಶಬ್ದವಿಚಾರ. ಕನ್ನಡದಲ್ಲಿ 'ಕೊಸರು' ಎಂಬ ಚೆಲುವಾದ ಪದವಿದೆ. ಅಳತೆಗೆ ಸರಿಯಾಗಿ ಕೊಟ್ಟಮೇಲೆ ಮಾರುವವನು ಸಂತೋಷದಿಂದ ಮೇಲೆ ಹಾಕುವ ಹಿಡಿಯಷ್ಟೇ ಕೊಸರು. ನನ್ನ ಬಾಲ್ಯದಲ್ಲಿ ನಮ್ಮ ಬೀದಿಗೆ ಸೀಮೆಎಣ್ಣೆಯ ಗಾಡಿ ಬರುತ್ತಿತ್ತು. ಮಾರುವವನು ತಗಡಿನ ಅಳತೆಯಿಂದ ಒಂದು ಲೀಟರನ್ನು ಆಲಿಕೆಗೆ ಸುರಿದು, ಅಳತೆಯನ್ನು ತಿರುಗಿಸಿ ಹಿಡಿದು, ಕೊನೆಯ ಹನಿ ಇಳಿಯುವವರೆಗೂ ಕಾದು, ಆಮೇಲೆ ಇನ್ನೊಂದು ತುಸು ಎಣ್ಣೆಯನ್ನು 'ಇದು ಕೊಸರು' ಎಂದು ಸೇರಿಸುತ್ತಿದ್ದ. ಲೀಟರು ಬಂದು ವರ್ಷಗಳಾಗಿದ್ದರೂ ಹಿರಿಯರ ಬಾಯಲ್ಲಿ ಇನ್ನೂ ಪಾವು, ಸೇರುಗಳೇ ಇದ್ದ ದಿನಗಳವು. ಕಣದಲ್ಲಿ ರಾಶಿಯನ್ನು ಅಳೆಯುವಾಗ ಮೊದಲ ಕೊಳಗವನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುತ್ತಿದ್ದುದನ್ನೂ ಹಳ್ಳಿಯಿಂದ ಬಂದವರು ಬಲ್ಲರು. ಲೆಕ್ಕವೆಂಬುದು ಬರಿಯ ಅಂಕಿಯಲ್ಲ, ಅದರಲ್ಲಿ ಶುಭದ ಆಶಯವೂ ಇರಬೇಕೆಂಬುದು ಆ ಜನರ ಭಾವನೆ. ಕೊಸರು ಹರಿಯುತ್ತಿದ್ದುದು ಮಾರುವವನಿಂದ ಕೊಳ್ಳುವವನ ಕಡೆಗೆ ಎಂಬುದನ್ನು ವಾಚಕರು ಗಮನಿಸಬೇಕು.

ಇಂದು ಆ ಹರಿವು ತಿರುಗಿದೆ. ಇಂಧನ ಕೊಳ್ಳುವಾಗ ಕೊಸರನ್ನು ಕೊಡುವವನು ಈಗ ಗಿರಾಕಿ. ಇದಕ್ಕೆ ಕಾರಣ ಯಾರದೋ ದುರಾಶೆಯೊಂದೇ ಅಲ್ಲ, ನಾಣ್ಯದ ಚರಿತ್ರೆಯೂ ಹೌದು. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದು ರೂಪಾಯಿಗೆ ಹದಿನಾರಾಣೆಯ ಬದಲು ನೂರು ನಯಾ ಪೈಸೆಗಳಾದವು. 1964ರಲ್ಲಿ 'ನಯಾ' ಎಂಬ ವಿಶೇಷಣ ಬಿದ್ದುಹೋಯಿತು. ನಾವು ಬಾಲ್ಯದಲ್ಲಿ ಬಳಸಿದ ಅಲ್ಯೂಮಿನಿಯಮ್ಮಿನ ಹಗುರ ನಾಣ್ಯಗಳು ಒಂದೊಂದಾಗಿ ಮರೆಯಾದವು. 2011ರ ಜೂನ್ ಅಂತ್ಯಕ್ಕೆ ಇಪ್ಪತ್ತೈದು ಪೈಸೆ ಹಾಗೂ ಅದಕ್ಕಿಂತ ಕಡಮೆ ಬೆಲೆಯ ನಾಣ್ಯಗಳು ಚಲಾವಣೆಯಿಂದ ರದ್ದಾದವು. ಎಂಟಾಣೆ ಮಾತ್ರ ಕಾನೂನಿನ ದೃಷ್ಟಿಯಲ್ಲಿ ಜೀವಂತವಾಗಿದೆ. ಹತ್ತು ರೂಪಾಯಿಯವರೆಗಿನ ಮೊಬಲಗನ್ನು ಅದರಲ್ಲಿ ಸಲ್ಲಿಸಬಹುದೆಂದು 2011ರ ನಾಣ್ಯ ಕಾಯಿದೆ ಹೇಳುತ್ತದೆ. ಆದರೆ ಸಂತೆಯಲ್ಲಿ ಅದನ್ನು ನೀಡಿದರೆ ಅಂಗಡಿಯವರು ನಮ್ಮ ಮುಖವನ್ನೇ ನೋಡುತ್ತಾರೆ. ಹೀಗೆ ಕೈಯಿಂದ ಪೈಸೆ ಹೋಯಿತು, ಬೆಲೆಯಿಂದ ಹೋಗಲಿಲ್ಲ. 2017ರ ಜೂನ್ 16ರಿಂದ ದೇಶಾದ್ಯಂತ ಪೆಟ್ರೋಲು ಡೀಸೆಲುಗಳ ಬೆಲೆಯನ್ನು ದಿನಂಪ್ರತಿ ಪರಿಷ್ಕರಿಸುವ ಕ್ರಮ ಜಾರಿಗೆ ಬಂದಿತು. ಬೆಲೆಯ ಫಲಕದ ಮೇಲೆ ಇಂದಿಗೂ ಪೈಸೆಗಳು ಹೊಳೆಯುತ್ತಿವೆ. ಕೇಳುವ ಬೆಲೆಗೆ ಪೈಸೆ ಗೊತ್ತು, ಕೊಡುವ ಕೈಗೆ ಗೊತ್ತಿಲ್ಲ. ಈ ಸಂದಿನಲ್ಲಿಯೇ ನಮ್ಮ ಸೌಜನ್ಯದ ಪರೀಕ್ಷೆ ನಡೆಯುತ್ತದೆ.

ಯಂತ್ರವು ಲೆಕ್ಕ ಹಾಕುವ ಬಗೆಯನ್ನು ತಿಳಿದರೆ ಅರ್ಧ ಸಂಶಯ ನಿವಾರಣೆಯಾಗುತ್ತದೆ. ಪೆಟ್ರೋಲು ಲೀಟರಿಗೆ 102 ರೂಪಾಯಿ 90 ಪೈಸೆ ಎಂದಿಟ್ಟುಕೊಳ್ಳೋಣ. ಒಂದು ಲೀಟರು ಕೇಳಿದವನಿಗೆ ಅಳತೆ ಪೂರ್ಣಾಂಕ, ಹಣದಲ್ಲಿ ಭಿನ್ನರಾಶಿ. ನೂರು ರೂಪಾಯಿಗೆ ಕೇಳಿದವನಿಗೆ ಹಣ ಪೂರ್ಣಾಂಕ, ಅಳತೆಯಲ್ಲಿ ಭಿನ್ನರಾಶಿ. ಅವನಿಗೆ ದೊರೆಯುವುದು 0.97 ಲೀಟರಿಗೆ ಎರಡು ಮಿಲಿಲೀಟರಿನಷ್ಟು ಮಿಗಿಲು. ಭಿನ್ನರಾಶಿ ಎಲ್ಲಿಯೂ ಮಾಯವಾಗುವುದಿಲ್ಲ, ಹಣದಿಂದ ಎಣ್ಣೆಗೆ ಸ್ಥಳಾಂತರವಾಗುತ್ತದೆ, ಅಷ್ಟೆ. ನೂರಕ್ಕೆ ಹಾಕಿಸಿದರೆ ಮೋಸ, ನೂರಹತ್ತಕ್ಕೆ ಹಾಕಿಸಿದರೆ ನ್ಯಾಯ ಎಂಬ ನಂಬಿಕೆಯೊಂದು ನಮ್ಮಲ್ಲಿ ಪ್ರಚಾರದಲ್ಲಿದೆ. ಯಂತ್ರವು ಹರಿದ ಎಣ್ಣೆಯನ್ನು ಅಳೆದು ಬೆಲೆಯಿಂದ ಗುಣಿಸುತ್ತದೆಯೇ ಹೊರತು ನೂರಕ್ಕೊಂದು ನೂರಹತ್ತಕ್ಕೊಂದು ಲೆಕ್ಕವನ್ನು ಇಟ್ಟುಕೊಂಡಿರುವುದಿಲ್ಲ. ಅಳತೆಯಲ್ಲಿ ಅನುಮಾನವಿದ್ದವರು ಬಂಕಿನಲ್ಲಿ ಇರಿಸಿರಲೇಬೇಕಾದ, ಮುದ್ರೆಯುಳ್ಳ ಐದು ಲೀಟರಿನ ಮಾಪನದಿಂದ ಅಳೆದು ತೋರಿಸೆಂದು ಕೇಳಬಹುದು. ಐದು ಲೀಟರಿಗೆ 25 ಮಿಲಿಲೀಟರು ಹೆಚ್ಚುಕಡಮೆಯಾದರೆ ಅದನ್ನು ನಿಯಮವು ಸಹಿಸುತ್ತದೆ. ಮೇಲಿನ ಬೆಲೆಯಲ್ಲಿ ಅದರ ಮೌಲ್ಯ ಎರಡೂವರೆ ರೂಪಾಯಿಗೆ ಸ್ವಲ್ಪ ಮೇಲೆ. ನಾವು ಮುಖ ಗಂಟಿಕ್ಕಿಕೊಳ್ಳುವ ಹತ್ತಿಪ್ಪತ್ತು ಪೈಸೆಗಳಿಗಿಂತ ಯಂತ್ರಕ್ಕೆ ಕೊಟ್ಟಿರುವ ರಿಯಾಯಿತಿಯೇ ದೊಡ್ಡದು.

ಇನ್ನು 'ರೌಂಡ್ ಮಾಡಲೇ ಸಾರ್?' ಎಂಬ ಪ್ರಶ್ನೆ. ಟ್ಯಾಂಕು ತುಂಬಿ, ನಳಿಕೆ ತಾನಾಗಿ ನಿಂತು, ಮೊಬಲಗು 487 ರೂಪಾಯಿ 36 ಪೈಸೆಯಾಗಿದೆ. ಐನೂರು ಮುಟ್ಟಿಸಲು ಇನ್ನೂ 120 ಮಿಲಿಲೀಟರಿಗೆ ಮೇಲ್ಪಟ್ಟು ಸುರಿಯಬೇಕು. ಅದು ಚಿಲ್ಲರೆಯ ತೊಂದರೆಯನ್ನು ತಪ್ಪಿಸುವ ಸಂಭಾವಿತ ಉಪಾಯದಂತೆ ಕಾಣುತ್ತದೆ. ಆದರೆ ನಳಿಕೆಯ ತುದಿಯಲ್ಲಿರುವ ಸಣ್ಣ ರಂಧ್ರವನ್ನು ಎಣ್ಣೆ ಮುಚ್ಚಿದೊಡನೆ ಹರಿವು ನಿಲ್ಲುವಂತೆ ಮಾಡಿರುವುದು ಸುಮ್ಮನೆ ಅಲ್ಲ. ಬಿಸಿಲಿಗೆ ಪೆಟ್ರೋಲು ಹಿಗ್ಗುತ್ತದೆ, ಆವಿಗೆ ಎಡೆ ಬೇಕು. ಆದಕಾರಣ ನಿಂತ ಮೇಲೆ ಹಿಚುಕಿ ತುಂಬಿಸಬಾರದೆಂದು ವಾಹನ ತಯಾರಕರೇ ಎಚ್ಚರಿಸುತ್ತಾರೆ. ಅಂಕಿಯ ಅಂದಕ್ಕಾಗಿ ಅಪಾಯವನ್ನು ತಂದುಕೊಳ್ಳುವುದು ಪ್ರಾಸಕ್ಕಾಗಿ ಅರ್ಥವನ್ನು ಕೆಡಿಸಿಕೊಂಡಂತೆ.

ತರಗತಿಯಲ್ಲಿ ಸಂಧಿಪ್ರಕರಣವನ್ನು ಹೇಳುವಾಗ ನನಗೆ ಈ ವ್ಯವಹಾರವೇ ಕಣ್ಣಿಗೆ ಕಟ್ಟುತ್ತದೆ. ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. 'ಊರು' ಎಂಬುದಕ್ಕೆ 'ಅಲ್ಲಿ' ಸೇರಿದಾಗ ಉಕಾರ ಬಿದ್ದುಹೋಗಿ 'ಊರಲ್ಲಿ' ಆಗುತ್ತದೆ. 'ಮನೆ'ಗೆ 'ಅಲ್ಲಿ' ಸೇರುವಾಗ ಯಕಾರ ಬಂದು ನಡುವೆ ನಿಲ್ಲುತ್ತದೆ. 'ಮಳೆ'ಗೆ 'ಕಾಲ' ಸೇರಿದರೆ ಕಕಾರದ ಸ್ಥಾನದಲ್ಲಿ ಗಕಾರ ಕೂಡುತ್ತದೆ. ಬಂಕಿನಲ್ಲಿಯೂ ಹೀಗೆಯೇ. ಗಿರಾಕಿಯ ಪೈಸೆಗಳು ಬಿದ್ದುಹೋಗುವುದು ಲೋಪ. ಮೊಬಲಗು ಮೇಲಿನ ರೂಪಾಯಿಗೆ ಏರುವುದು ಆಗಮ. ಚಿಲ್ಲರೆಯ ಸ್ಥಾನದಲ್ಲಿ ಒಂದು ಪೆಪ್ಪರ್‌ಮಿಂಟು ಕೈಗೆ ಬರುವುದು ಆದೇಶ! ಮಕ್ಕಳು ನಗುತ್ತಾರೆ, ಸೂತ್ರ ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ನಗುವಿನ ಹಿಂದೆ ಗಂಭೀರವಾದ ಮಾತೊಂದುಂಟು. ಲೋಪಸಂಧಿಯ ಲಕ್ಷಣವನ್ನು ಹೇಳುವಾಗ ನಾವು ಒಂದು ನಿಬಂಧನೆಯನ್ನು ತಪ್ಪದೆ ಸೇರಿಸುತ್ತೇವೆ: ಅರ್ಥ ಕೆಡದಂತಿದ್ದರೆ ಮಾತ್ರ ಲೋಪ. ಪೈಸೆಯನ್ನು ಬಿಡುವುದಕ್ಕೂ ಇದೇ ನಿಬಂಧನೆಯೆಂದು ನನ್ನ ಅಭಿಪ್ರಾಯ. ಯಾರ ಅರ್ಥವೂ ಕೆಡಬಾರದು. ಅರ್ಥವೆಂದರೆ ಹಣವೂ ಹೌದು, ಮಾನವೂ ಹೌದು.

ಮಾನದ ಮಾತು ಏಕೆ ಬಂದಿತೆಂದರೆ, ಎರಡು ವರ್ಷಗಳ ಕೆಳಗೆ ಊರ ಹೊರಗಿನ ಒಂದು ಬಂಕಿನಲ್ಲಿ ನಡೆದ ಸಂಗತಿ ನನ್ನ ಕಣ್ಣಮುಂದಿದೆ. ನನಗಿಂತ ಮುಂದೆ ನಿಂತಿದ್ದ ರೈತರೊಬ್ಬರು ಔಷಧಿ ಸಿಂಪಡಿಸುವ ಯಂತ್ರಕ್ಕೆಂದು ಸರಿಯಾಗಿ ಒಂದು ಲೀಟರು ಪೆಟ್ರೋಲು ಹಾಕಿಸಿಕೊಂಡು ನೂರಹತ್ತು ರೂಪಾಯಿ ಕೊಟ್ಟರು. ಏಳು ರೂಪಾಯಿ ಹಿಂದಕ್ಕೆ ಬರಬೇಕು, ಐದು ಬಂದಿತು. 'ಚಿಲ್ಲರೆ ಇಲ್ಲ' ಎಂದು ಹುಡುಗ ಮುಂದಿನ ವಾಹನಕ್ಕೆ ತಿರುಗಿದ. ಅವರು ಅಲುಗಾಡಲಿಲ್ಲ. ಹಿಂದಿನವರು ಹಾರ್ನು ಬಾರಿಸಿದರು. ಕಾರಿನಲ್ಲಿದ್ದ ಒಬ್ಬರು 'ಎರಡು ರೂಪಾಯಿಗೆ ಎಷ್ಟು ಹೊತ್ತು ನಿಲ್ಲುತ್ತೀಯಪ್ಪ' ಎಂದು ನಕ್ಕರು. 'ಅವರ ಬಾಕಿಯನ್ನು ಕೊಟ್ಟುಬಿಡು, ನನಗೆ ಆತುರವಿಲ್ಲ' ಎಂದು ನಾನು ಹುಡುಗನಿಗೆ ಹೇಳಿದೆ. ಪಕ್ಕದವನ ಚೀಲದಿಂದ ಎರಡು ರೂಪಾಯಿಯ ನಾಣ್ಯ ಬಂದಿತು. ರೈತರು ಅದನ್ನು ಕಣ್ಣಿಗೊತ್ತಿಕೊಂಡು ಹೊರಟುಹೋದರು. ತನ್ನದನ್ನು ತಾನು ಕೇಳಿದವನಿಗೆ ನಾಚಿಕೆ, ಕೊಡಬೇಕಾದವನಿಗೆ ಇಲ್ಲ, ನೋಡಿ ನಕ್ಕವನಿಗಂತೂ ಇಲ್ಲವೇ ಇಲ್ಲ. ನಮ್ಮ ಭಾಷೆಯೂ ಈ ಅನ್ಯಾಯದಲ್ಲಿ ಪಾಲುಗೊಂಡಿದೆ. 'ಚಿಲ್ಲರೆ ಬುದ್ಧಿ' ಎನ್ನುತ್ತೇವೆ, ಚಿಲ್ಲರೆಯನ್ನು ಕೊಡದಿರುವ ಬುದ್ಧಿಗೆ ಹೆಸರನ್ನೇ ಇಟ್ಟಿಲ್ಲ.

ಹಾಗೆಂದು ಹುಡುಗನನ್ನು ಮಾತ್ರ ದೂಷಿಸಲಾರೆ. ನಮ್ಮ ಶಾಲೆಯಲ್ಲಿಯೇ ಓದಿದ ತರುಣನೊಬ್ಬ ಬೇರೊಂದು ಬಂಕಿನಲ್ಲಿ ಕೆಲಸಕ್ಕಿದ್ದಾನೆ. ಪಾಳಿ ಮುಗಿದಾಗ ಯಂತ್ರ ತೋರಿಸುವ ಮೊತ್ತಕ್ಕೂ ಚೀಲದ ಹಣಕ್ಕೂ ತಾಳೆ ನೋಡುತ್ತಾರಂತೆ. ಕಡಮೆ ಬಿದ್ದರೆ ಅವನೇ ತುಂಬಿಕೊಡಬೇಕು. 'ಗುರುಗಳೇ, ಒಬ್ಬರು ಅರವತ್ತು ಪೈಸೆ ಬಿಟ್ಟುಹೋಗುತ್ತಾರೆ, ಇನ್ನೊಬ್ಬರು ಒಂದು ರೂಪಾಯಿ ಕಡಮೆ ಕೊಟ್ಟು ಗಾಡಿ ಬಿಡುತ್ತಾರೆ. ಅದು ಇದಕ್ಕೆ ಹೋಗುತ್ತದೆ' ಎಂದು ಅವನು ನಸುನಗುತ್ತಾ ವಿವರಿಸಿದ. ನಾವು ಬಿಟ್ಟ ಪೈಸೆ ಅವನ ಸಂಪಾದನೆಯೆಂದು ಭಾವಿಸಿದ್ದೆವು. ಅದು ಮತ್ತೊಬ್ಬ ಗಿರಾಕಿಯ ಸಾಲವನ್ನು ತೀರಿಸುತ್ತಿದೆ. ಆದರೆ ಎಲ್ಲೆಡೆಯೂ ಹೀಗೆಂದು ಹೇಳಲಾಗದು. ದಿನಕ್ಕೆ ಸಾವಿರ ಮಂದಿಯಿಂದ ನಲವತ್ತು ನಲವತ್ತು ಪೈಸೆ ಒಂದೇ ಕಡೆಗೆ ಹರಿದರೆ ನಾನೂರು ರೂಪಾಯಿ, ತಿಂಗಳಿಗೆ ಹನ್ನೆರಡು ಸಾವಿರ. 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯು ತೆರಿಗೆಯ ಮೊಬಲಗಿನಲ್ಲಿ ಐವತ್ತು ಪೈಸೆಯೂ ಮೇಲ್ಪಟ್ಟೂ ಇದ್ದರೆ ರೂಪಾಯಿಗೆ ಏರಿಸಬೇಕು, ಕಡಮೆಯಿದ್ದರೆ ಬಿಡಬೇಕು ಎನ್ನುತ್ತದೆ. ಪೆಟ್ರೋಲು ಆ ತೆರಿಗೆಯ ವ್ಯಾಪ್ತಿಗೆ ಸೇರಿಲ್ಲವಾದರೂ ನೀತಿ ಅನುಕರಣೀಯವಾಗಿದೆ. ಇಕ್ಕಡೆಗೂ ತೂಗುವ ನಿಯಮದಲ್ಲಿ ಕಾಲಕ್ರಮೇಣ ಸಮ ಉಂಟಾಗುತ್ತದೆ. ಒಂದೇ ಕಡೆಗೆ ಬಾಗುವ ರೂಢಿಯಲ್ಲಿ ಎಂದಿಗೂ ಆಗದು.

ಅಡುಗೆ ಅನಿಲದ ವಿಷಯದಲ್ಲಿ ಸೌಜನ್ಯದ ಸ್ವರೂಪ ತುಸು ಬೇರೆ. 14.2 ಕಿಲೋಗ್ರಾಂ ಅನಿಲವೂ ಹೆಚ್ಚುಕಡಮೆ ಅಷ್ಟೇ ತೂಕದ ಉಕ್ಕೂ ಸೇರಿದ ಭಾರವನ್ನು ಹೆಗಲಿಗೇರಿಸಿ ಒಬ್ಬನು ಮೆಟ್ಟಿಲು ಹತ್ತಿ ಬರುತ್ತಾನೆ. ಮನೆಗೆ ತಲುಪಿಸುವ ವೆಚ್ಚ ಬೆಲೆಯಲ್ಲಿಯೇ ಅಡಕವಾಗಿದೆ. ಆದ್ದರಿಂದ ಮೇಲೆ ಕೇಳುವ ಹಕ್ಕು ಅವನಿಗಿಲ್ಲ. ಆದರೆ ಕೊಡುವ ಹಕ್ಕನ್ನು ನಮ್ಮಿಂದ ಯಾರೂ ಕಸಿದುಕೊಂಡಿಲ್ಲ. ನಮ್ಮ ಮನೆಯಾಕೆ ಬಿಲ್ಲಿನ ಹಣವನ್ನು ಪೈಸೆಯವರೆಗೆ ಲೆಕ್ಕ ಮಾಡಿ ಕೊಟ್ಟು, ತೂಕವನ್ನೂ ನೋಡಿಸಿ, ಆಮೇಲೆ ಒಂದು ಲೋಟ ಮಜ್ಜಿಗೆಯನ್ನೂ ಇಪ್ಪತ್ತು ರೂಪಾಯಿಯನ್ನೂ ಬೇರೆಯಾಗಿ ನೀಡುತ್ತಾಳೆ. 'ಬಾಕಿ ಇಟ್ಟುಕೋ' ಎನ್ನುವುದಿಲ್ಲ. ಉಳಿದದ್ದನ್ನು ಬಿಡುವುದು ಬೇರೆ, ಎಣಿಸಿ ಕೊಡುವುದು ಬೇರೆ. ಮುಯ್ಯಿ ಮಾಡುವಾಗ ನೂರಕ್ಕೆ ಒಂದು ರೂಪಾಯಿ ಸೇರಿಸಿ ನೂರೊಂದನ್ನು ಎಲೆಯಡಿಕೆಯೊಡನೆ ಇಡುವ ನಮ್ಮ ಹಿರಿಯರಿಗೆ ಈ ಭೇದ ಚೆನ್ನಾಗಿ ತಿಳಿದಿತ್ತು. ಆ ಒಂದು ರೂಪಾಯಿ ಮಿಕ್ಕದ್ದಲ್ಲ, ಮನಸ್ಸಿಟ್ಟು ಸೇರಿಸಿದ್ದು.

ಇದೆಲ್ಲ ಸ್ವಂತ ಜೇಬಿನ ಔದಾರ್ಯದ ಮಾತಾಯಿತು. ಪರರ ದ್ರವ್ಯದ ಔದಾರ್ಯವೆಂಬುದು ಇಲ್ಲ. ನಮ್ಮ ಶಾಲೆಯ ವಾಹನಕ್ಕೆ ಡೀಸೆಲು ಹಾಕಿಸುವ ಪುಸ್ತಕವನ್ನು ಕೆಲವು ಕಾಲ ನಾನು ನೋಡಿಕೊಳ್ಳಬೇಕಾಗಿ ಬಂದಿತ್ತು. ರಸೀದಿಯಲ್ಲಿ 1,998 ರೂಪಾಯಿ 60 ಪೈಸೆ. ಕೊಟ್ಟದ್ದು ಎರಡು ಸಾವಿರ. ಪುಸ್ತಕದಲ್ಲಿ ಏನು ಬರೆಯುವುದು? ಎರಡು ಸಾವಿರವೆಂದು ಬರೆದರೆ ರಸೀದಿಗೆ ವಿರುದ್ಧ, ರಸೀದಿಯಂತೆ ಬರೆದರೆ ಚೀಲಕ್ಕೆ ವಿರುದ್ಧ. ಒಂದು ರೂಪಾಯಿ ನಲವತ್ತು ಪೈಸೆ ನನ್ನದಾಗಿದ್ದರೆ ಬಿಡಬಹುದಿತ್ತು, ಅದು ನನ್ನದಲ್ಲ. ಯಾವುದೋ ಹಳ್ಳಿಯ ಭಕ್ತರು ಮಗನ ಓದು ಮುಗಿದ ಸಂತೋಷಕ್ಕೆ ಕೊಟ್ಟದ್ದು, ಯಾರೋ ಹಳೆಯ ವಿದ್ಯಾರ್ಥಿ ಮೊದಲ ಸಂಬಳದಲ್ಲಿ ತೆಗೆದು ಕಳಿಸಿದ್ದು. ಅವರ ಪರವಾಗಿ ಧಾರಾಳವಾಗಿರುವ ಅಧಿಕಾರ ನನಗಿಲ್ಲ. ಅಂದಿನಿಂದ ನಾವು ಪೂರ್ಣ ರೂಪಾಯಿಗಳ ಮೊಬಲಗಿಗೇ ಡೀಸೆಲು ಹಾಕಿಸುವ ಪದ್ಧತಿಯನ್ನಿಟ್ಟೆವು. ಭಿನ್ನರಾಶಿ ಎಣ್ಣೆಯಲ್ಲಿರಲಿ, ಲೆಕ್ಕದಲ್ಲಿ ಬೇಡ.

2016ರಲ್ಲಿ ಯುಪಿಐ ಎಂಬ ಪಾವತಿಯ ವ್ಯವಸ್ಥೆ ಬಂದಮೇಲೆ ಪೈಸೆಗೆ ಪುನರ್ಜನ್ಮ ಲಭಿಸಿದೆ. ದೂರವಾಣಿಯಲ್ಲಿ 487 ರೂಪಾಯಿ 36 ಪೈಸೆಯನ್ನು ಒತ್ತಿದರೆ ಅಷ್ಟೇ ಸಲ್ಲುತ್ತದೆ. 'ಚಿಲ್ಲರೆ ಇಲ್ಲ' ಎಂಬ ನೆಪ ಕೊಡುವವನಿಗೂ ಇಲ್ಲ, ಕೊಳ್ಳುವವನಿಗೂ ಇಲ್ಲ. ಆದರೆ ಇದರಿಂದ ಕೊಸರು ಇನ್ನಷ್ಟು ಕಠಿನವಾಗಿದೆ. ತಾನಾಗಿ ಉಳಿದುಬಿಡುತ್ತಿದ್ದುದು ಈಗ ಉಳಿಯುವುದಿಲ್ಲ. ಕೊಡಬೇಕೆನಿಸಿದರೆ ಬೇಕೆಂದೇ ಕೊಡಬೇಕು.

ಆದುದರಿಂದ ಈ ಅಲ್ಪ ವಿಷಯದಲ್ಲಿ ನಾನು ಮಕ್ಕಳಿಗೆ ಹೇಳುವ ಮಾತು ಇಷ್ಟೆ. ನಿನ್ನದನ್ನು ಬಿಡುವುದಾದರೆ ಬಾಯಿಬಿಟ್ಟು ಹೇಳಿ ಬಿಡು; ಸುಮ್ಮನೆ ತಿರುಗಿ ನಡೆದರೆ ಅದು ದಾನವೂ ಅಲ್ಲ, ವ್ಯವಹಾರವೂ ಅಲ್ಲ. ಇನ್ನೊಬ್ಬನದನ್ನು ಉಳಿಸಿಕೊಳ್ಳುವಾಗ ಅವನನ್ನು ಕೇಳು. ತನ್ನ ಎರಡು ರೂಪಾಯಿಗಾಗಿ ನಿಂತವನನ್ನು ಕಂಡು ನಗಬೇಡ; ಅವನ ಹಿಂದೆ ಸಾವಧಾನವಾಗಿ ನಿಲ್ಲು. ಒಪ್ಪಿಸಿಕೊಂಡ ಹಣವಾದರೆ ಪೈಸೆಯನ್ನೂ ಬಿಡಬೇಡ. ಅಳತೆ ಅಳತೆಯಾಗಿರಲಿ, ಕೊಸರು ಕೊಸರಾಗಿರಲಿ; ಒಂದರ ವೇಷವನ್ನು ಇನ್ನೊಂದು ಧರಿಸದಿರಲಿ. ಇದನ್ನು ಕಲಿತ ವಿದ್ಯಾರ್ಥಿ ಮುಂದೆ ದೊಡ್ಡ ಮೊಬಲಗುಗಳ ಮುಂದೆ ಕುಳಿತಾಗಲೂ ಎಡವಲಾರನೆಂಬ ನಂಬಿಕೆಯಿಂದ ಈ ಕಿರುಬರೆಹವನ್ನು ಸಹೃದಯರ ಮುಂದಿರಿಸಿ ವಿರಮಿಸುತ್ತೇನೆ.