ಟೆಂಟು ನೋಡಿದ್ದು ಸಾಕು, ಟೆಂಟಿನ ಕೆಳಗಿನ ನೆಲ ನೋಡಿ



'ಗ್ಲ್ಯಾಂಪಿಂಗ್' ಅನ್ನೋ ಪದ ನಮ್ಮ ಭದ್ರಾವತಿ ಕಡೆಗೂ ಬಂದಿದೆ. ಗ್ಲ್ಯಾಮರ್ ಮತ್ತು ಕ್ಯಾಂಪಿಂಗ್ ಸೇರಿಸಿದ್ರೆ ಗ್ಲ್ಯಾಂಪಿಂಗ್. ಬಯಲಲ್ಲೇ ಟೆಂಟು, ಆದ್ರೆ ಒಳಗೆ ಎಸಿ, ಡಬಲ್ ಕಾಟು, ಬಿಸಿನೀರು, ಕಮೋಡು ಎಲ್ಲಾ ಇರಬೇಕು. ಊರಿನ ಗದ್ದಲ ಬೇಡ, ಊರಾಚೆ ಬೇಕು ಅಂತ ಜನ ಒಂದು ರಾತ್ರಿಗೆ ಸಾವಿರಾರು ರೂಪಾಯಿ ಕೊಡ್ತಾರೆ. ನಮ್ಮನ್ನ ತಲೆತಲಾಂತರದಿಂದ ಊರಾಚೆ ಇಟ್ಟಿದ್ರಲ್ಲ, ಬಾಡಿಗೆ ಇಲ್ಲದೇನೇ!

ಹೀಗೆ ಗೇಲಿ ಮಾಡಿ ಒಂದು ಪೋಸ್ಟ್ ಮುಗಿಸಬಹುದು. ಲೈಕೂ ಬರ್ತವೆ. ಆದ್ರೆ ಗೇಲಿಯಿಂದ ಒಂದು ಗುಂಟೆ ಜಮೀನೂ ವಾಪಸ್ ಬರಲ್ಲ.

ಕಳೆದ ತಿಂಗಳು ಬಿ.ಆರ್. ಪ್ರಾಜೆಕ್ಟ್ ಕಡೆಯ ಇಂಥದ್ದೊಂದು ಜಾಗಕ್ಕೆ ಹೋಗಿದ್ದೆ. ಕರೆದವನು ನಮ್ಮ ಕೇರಿಯ ಹುಡುಗನೇ, ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಪ್ರಮೋಷನ್ ಆದ ಖುಷಿಗೆ ಅಪ್ಪ ಅಮ್ಮನ್ನೂ ಕರ್ಕೊಂಡು ಬಂದಿದ್ದ. ಅವರಮ್ಮ ಆ ಬಿಳಿ ಹಾಸಿಗೆ ಮೇಲೆ ಕೂರೋಕೇ ಹಿಂಜರಿದ್ರು. 'ಕೂತ್ಕೊಳಮ್ಮ, ದುಡ್ಡು ಕೊಟ್ಟೀನಿ' ಅಂದ. ನನಗದು ಇಷ್ಟ ಆಯ್ತು. ನಮ್ಮೋರು ಎಸಿ ಟೆಂಟಲ್ಲಿ ಮಲಗೋದು ತಪ್ಪು ಅಂತ ಹೇಳೋನು ನಾನಲ್ಲ.

ರಾತ್ರಿ ಊಟ ಬಡಿಸೋಕೆ ಬಂದ ಹುಡುಗ ನನ್ನ ಗುರುತು ಹಿಡಿದು ಮೆಲ್ಲಗೆ 'ಜೈ ಭೀಮ್ ಅಣ್ಣ' ಅಂದ. ಪಕ್ಕದ ಹಳ್ಳಿಯವನು. ಐಟಿಐ ಮಾಡಿದಾನೆ. ಅವರಪ್ಪ ಎಂ.ಪಿ.ಎಂ.ನಲ್ಲಿ ಗುತ್ತಿಗೆ ಕೂಲಿ. ಪೇಪರ್ ಮಿಲ್ಲು ನಿಂತ ಮೇಲೆ ಅದೂ ಇಲ್ಲ. ವಿ.ಐ.ಎಸ್.ಎಲ್. ಸೇರೋಣ ಅಂದ್ರೆ 2023ರ ಜನವರಿಯಲ್ಲಿ ಅದನ್ನೂ ಮುಚ್ಚೋ ತೀರ್ಮಾನ ಬಂದು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಧರಣಿ ಕೂತಿದ್ದು ನಿಮಗೆ ಗೊತ್ತು. ಹಂಗಾಗಿ ಈಗ ಟೆಂಟು ಗುಡಿಸೋ ಕೆಲಸ.

ಬೆಂಕಿ ಆರಿದ ಮೇಲೆ ಹತ್ರ ಬಂದು ಹೇಳಿದ: 'ಅಣ್ಣ, ಆ ಕೊನೇ ಮೂರು ಟೆಂಟು ಇರೋದು ನಮ್ಮಜ್ಜನಿಗೆ ಸರ್ಕಾರ ಕೊಟ್ಟಿದ್ದ ಜಮೀನಲ್ಲಿ ಅಂತಾಳೆ ನಮ್ಮಜ್ಜಿ. ಮದುವೆ ಸಾಲಕ್ಕೆ ಬರ್ಕೊಟ್ಟಿದ್ರಂತೆ. ಅರ್ಜಿ ಹಾಕಿದ್ರೆ ನನ್ನ ಕೆಲಸ ಹೋಗುತ್ತೆ. ಹಾಕ್ದೇ ಇದ್ರೆ ಜಮೀನು ಹೋಗುತ್ತೆ.'

ಈ ಮಾತನ್ನ ಇಟ್ಕೊಂಡೇ ಇಷ್ಟೆಲ್ಲ ಬರೀತಿರೋದು.

ನಮಗೆ ಭೂಮಿ ಸುಮ್ನೆ ಬಂದಿದ್ದಲ್ಲ. ನಮ್ಮ ಜಿಲ್ಲೆಯಲ್ಲೇ 1951ರಲ್ಲಿ ಕಾಗೋಡು ಸತ್ಯಾಗ್ರಹ ಆಯ್ತು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರಿಗೆ ಜಮೀನು ಸಿಕ್ತು. ಆದ್ರೆ ಗೇಣಿಯೂ ಇಲ್ಲದೆ ಬರೀ ಕೂಲಿ, ಜೀತ ಮಾಡ್ತಿದ್ದ ನಮ್ಮೋರ ಕೈಗೆ ಬಂದಿದ್ದು ಕಮ್ಮಿ. ಅದಕ್ಕೇ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿ ಕಾಲೇಜಲ್ಲಿ ಪಾಠ ಮಾಡ್ತಲೇ ದಲಿತ ಸಂಘರ್ಷ ಸಮಿತಿ ಕಟ್ಟಿದ್ರು, ಸಿದ್ಲಿಪುರದ ಭೂಹೋರಾಟಕ್ಕೆ ಇಳಿದ್ರು. ಹಾಗೆ ಅಲ್ಲೊಂದು ಇಲ್ಲೊಂದು ಎಕರೆ ಮಂಜೂರಾದ ಜಮೀನೂ ಸಾಲಕ್ಕೆ, ಕಾಯಿಲೆಗೆ ಕೈಬಿಟ್ಟು ಹೋಯ್ತು. ಅದನ್ನ ಉಳಿಸೋಕೆ ಬಂದಿದ್ದು 1978ರ ಪಿಟಿಸಿಎಲ್ ಕಾಯ್ದೆ.

2020ರಲ್ಲಿ ಇನ್ನೊಂದು ಬಾಗಿಲು ತೆರೀತು. ಅಲ್ಲಿವರೆಗೆ ವರ್ಷಕ್ಕೆ 25 ಲಕ್ಷ ಮೀರಿ ಕೃಷಿಯೇತರ ಆದಾಯ ಇದ್ದವರು ಕೃಷಿ ಜಮೀನು ಕೊಳ್ಳೋ ಹಾಗಿರಲಿಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ್ರು. ದುಡ್ಡಿದ್ದವನು ರೈತನಾಗಬೇಕಿಲ್ಲ, ತಗೊಳ್ಳಬಹುದು. ಫಾರ್ಮ್‌ಹೌಸು, ಹೋಮ್‌ಸ್ಟೇ, ಟೆಂಟುಗಳಿಗೆ ದಾರಿ ಸಲೀಸಾಯ್ತು.

ಆದ್ರೆ ನೆನಪಿಡಿ, ಪಿಟಿಸಿಎಲ್ ಹಾಗೇ ಇದೆ. ಎಸ್.ಸಿ., ಎಸ್.ಟಿ.ಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡಿದ್ರೆ ಅದು ಅಸಿಂಧು. 2017ರಲ್ಲಿ ಸುಪ್ರೀಂ ಕೋರ್ಟು 'ಸಮಂಜಸ ಅವಧಿ'ಯೊಳಗೆ ಬರಬೇಕು ಅಂದ ಮೇಲೆ ನಮ್ಮೋರ ಎಷ್ಟೋ ಅರ್ಜಿ ತಡ ಆಯ್ತು ಅನ್ನೋ ಕಾರಣಕ್ಕೇ ಬಿದ್ದುಹೋದವು. ಊರೂರಿಂದ ಹೋರಾಟ ಆಗಿ, 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಕೋರ್ಟಲ್ಲಿ ಜಗ್ಗಾಟ ಇನ್ನೂ ನಿಂತಿಲ್ಲ. ಅದಕ್ಕೇ ದಾಖಲೆ ಗಟ್ಟಿ ಇರಬೇಕು.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: 'ನೀನು ಸಹಿ ಹಾಕೋದೇ ಬೇಡ ಕಣಪ್ಪ.' ಕಾಯ್ದೆಯ 5ನೇ ಕಲಂ ಓದಿ ನೋಡಿ. ವಾರಸುದಾರರೇ ಅರ್ಜಿ ಹಾಕಬೇಕು ಅಂತಿಲ್ಲ. ಯಾರು ಬೇಕಾದ್ರೂ ಲಿಖಿತವಾಗಿ ಮಾಹಿತಿ ಕೊಡಬಹುದು. ಉಪವಿಭಾಗಾಧಿಕಾರಿ, ಅಂದ್ರೆ ಎ.ಸಿ., ತಾವಾಗಿಯೇ ವಿಚಾರಣೆ ಶುರು ಮಾಡಬಹುದು. ಪರಭಾರೆ ಅಸಿಂಧು ಅಂತಾದ್ರೆ ಜಮೀನು ಮೂಲ ಮಂಜೂರಾತಿದಾರರಿಗೆ ಇಲ್ಲವೇ ಅವರ ವಾರಸುದಾರರಿಗೆ ವಾಪಸ್ ಬರಬೇಕು. ಹೊಟ್ಟೆಪಾಡಿಗೆ ಹೆದರಿ ಒಬ್ಬ ಸುಮ್ಮನಿದ್ರೆ, ಅವನ ಪರವಾಗಿ ಸಂಘಟನೆ ಬರೀಬೇಕು. ಸಂಘಟನೆ ಇರೋದು ಮತ್ಯಾಕೆ?

ಅಜ್ಜಿ ಹೇಳಿದ್ದು ನಿಜವೋ ಅಲ್ವೋ, ಕಾಗದ ಹೇಳಬೇಕು. ಹುಡುಕ್ತಾ ಇದೀವಿ. ನಿಮ್ಮೂರಲ್ಲೂ ಇಂಥ ಟೆಂಟು ಎದ್ದಿದ್ರೆ ಫೋಟೋ ಹಾಕಿ ಬೈಯೋ ಮೊದಲು ಸರ್ವೆ ನಂಬರ್ ಬರ್ಕೊಳ್ಳಿ. ಹಳೇ ಪಹಣಿ, ಮ್ಯುಟೇಷನ್, ಸಾಗುವಳಿ ಚೀಟಿ ತೆಗೆಸಿ. ಅಜ್ಜ ಅಜ್ಜಿಯರನ್ನ ಕೂರಿಸ್ಕೊಂಡು ಕೇಳಿ, ಅವರು ಇರೋವಾಗಲೇ ಕೇಳಿ. ತಾಲೂಕು ಕಚೇರಿಗೆ ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ.

ಜೈ ಭೀಮ್.