ಏರಿಯ ನಾಡಿನಲ್ಲಿ ಎಣ್ಣೆಯ ಕಥೆ

ತುಮಕೂರಿನಿಂದ ಕೊರಟಗೆರೆಯನ್ನು ಹಾಯ್ದು ಉತ್ತರಾಭಿಮುಖವಾಗಿ ಹೊರಟ ಪ್ರಯಾಣಿಕನ ಕಣ್ಣನ್ನು ಮೊದಲು ಸೆಳೆಯುವುದು ಮಧುಗಿರಿಯ ಬೆಟ್ಟ. ನೆಲದಿಂದ ನೆಟ್ಟಗೆ ಎದ್ದು ನಿಂತಿರುವ ಆ ಏಕಶಿಲೆಯನ್ನು ಕಂಡು ಬೆರಗಾಗದವರು ವಿರಳ. ಆದರೆ ಬೆಟ್ಟವನ್ನು ನೋಡಿ ಹಿಂದಿರುಗುವವರಲ್ಲಿ ಬಹುಮಂದಿ ಅದೇ ತಾಲ್ಲೂಕಿನ ದೊಡ್ಡೇರಿಯ ಹೆಸರನ್ನು ಕೇಳಿರುವುದಿಲ್ಲ. ಒಂದು ಹೋಬಳಿಯ ಮುಖ್ಯ ಗ್ರಾಮವೆಂಬುದನ್ನು ಬಿಟ್ಟರೆ ಅದಕ್ಕೆ ಪ್ರವಾಸಿಗಳ ಪಟ್ಟಿಯಲ್ಲಿ ಸ್ಥಾನವಿಲ್ಲ. ಆದರೂ ಈ ಸೀಮೆಯ ಆರ್ಥಿಕ ಚರಿತ್ರೆಯ ಮೊದಲ ಅಧ್ಯಾಯಕ್ಕೆ ಆ ಹೆಸರೇ ಶಿರೋನಾಮೆಯಾಗಬಲ್ಲದು. ಏರಿ ಎಂದರೆ ಕೆರೆಯ ಕಟ್ಟೆ. ದೊಡ್ಡೇರಿ ಎಂದೊಡನೆ ಕನ್ನಡದ ಕಿವಿಗೆ ಕೇಳಿಸುವುದು ದೊಡ್ಡ ಏರಿ.

ನದಿಗಳ ಭಾಗ್ಯ ಕಡಿಮೆಯಾದ ಈ ಬಯಲುಸೀಮೆಯಲ್ಲಿ ಪೂರ್ವಿಕರು ಮಳೆಯ ನೀರನ್ನು ಏರಿ ಕಟ್ಟಿ ನಿಲ್ಲಿಸಿದರು. ತೂಬನ್ನು ತೆರೆದರೆ ನೀರು ತಾನಾಗಿ ಇಳಿದು ಗದ್ದೆಗೆ ಹರಿಯುತ್ತಿತ್ತು. ನೀರುಗಂಟಿ ಅದನ್ನು ಹಂಚುತ್ತಿದ್ದನು. ಬಾವಿಯಿದ್ದಲ್ಲಿ ಎತ್ತುಗಳು ಕಪಿಲೆ ಎಳೆಯುತ್ತಿದ್ದವು. ಆ ಎತ್ತುಗಳಿಗೆ ಬೇಕಾದ ಮೇವು ಅದೇ ಹೊಲದಲ್ಲಿ ಬೆಳೆಯುತ್ತಿತ್ತು. ದೀಪಕ್ಕೆ ಹೊಂಗೆಯ ಎಣ್ಣೆ, ಹರಳೆಣ್ಣೆ. ಅದೂ ಊರ ಗಾಣದಿಂದಲೇ. ಬಡತನವಿತ್ತು, ಬರಗಾಲವಿತ್ತು, ಆದರೆ ದೀಪ ಹಚ್ಚುವುದಕ್ಕಾಗಲಿ ನೀರೆತ್ತುವುದಕ್ಕಾಗಲಿ ಹೊರನಾಡಿನ ಮೇಲೆ ಅವಲಂಬಿಸಬೇಕಾದ ಪ್ರಮೇಯ ಇರಲಿಲ್ಲ.

ಅನಂತರ ಬಂದದ್ದು ಸೀಮೆಎಣ್ಣೆ. ಸೀಮೆಸುಣ್ಣ, ಸೀಮೆಹಸು ಎಂಬಲ್ಲಿರುವಂತೆ ಇಲ್ಲಿಯೂ ಸೀಮೆಯೆಂದರೆ ಕಡಲಾಚೆಯ ದೇಶ. ಕನ್ನಡಿಗರು ಆ ಎಣ್ಣೆಗೆ ಹೆಸರಿಡುವಾಗಲೇ ಅದರ ಪರಾವಲಂಬನೆಯನ್ನೂ ಹೇಳಿಬಿಟ್ಟರು. ಅದರ ಹಿಂದೆಯೇ ಡೀಸೆಲ್ ಎಂಜಿನು, ಲಾರಿ, ಬಸ್ಸುಗಳು ಬಂದವು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲದ ಸರಬರಾಜನ್ನು ಬಿಗಿಹಿಡಿದಾಗ ಕೆಲವೇ ತಿಂಗಳಲ್ಲಿ ಅದರ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 1990ರಲ್ಲಿ ಇರಾಕ್ ಕುವೈತಿನ ಮೇಲೆ ಬಿದ್ದಾಗ ಬೆಲೆ ಮತ್ತೆ ಜಿಗಿಯಿತು. ಮೊದಲೇ ಸೊರಗಿದ್ದ ಭಾರತದ ವಿದೇಶಿ ವಿನಿಮಯ ಬರಿದಾಗುತ್ತ ಬಂದು, 1991ರಲ್ಲಿ ದೇಶ ತನ್ನ ಬಂಗಾರವನ್ನು ಹೊರನಾಡಿನಲ್ಲಿ ಒತ್ತೆಯಿಡಬೇಕಾಯಿತು. ಇಂದಿಗೂ ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇಕಡ 85ಕ್ಕಿಂತ ಹೆಚ್ಚಿನ ಭಾಗ ಹೊರಗಿನಿಂದಲೇ ಬರುತ್ತದೆ. ಮಧುಗಿರಿಯ ಸಂತೆಗೆ ಬರುವ ತರಕಾರಿಯ ಬೆಲೆಯಲ್ಲಿಯೂ ಪರ್ಷಿಯನ್ ಕೊಲ್ಲಿಯ ಒಂದು ಪಾಲಿದೆ.

ನೀರಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕೆರೆಗಳು ಹೂಳು ತುಂಬಿ ಸೊರಗಿದಂತೆ ರೈತನು ಕೊಳವೆ ಬಾವಿಯನ್ನು ಆಶ್ರಯಿಸಿದನು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯ ಸರ್ಕಾರ ಉಚಿತ ವಿದ್ಯುತ್ತನ್ನು ಕೊಡುತ್ತ ಬಂದಿದೆ. ಆದರೆ ನೀರು ಆಳಕ್ಕಿಳಿದಷ್ಟೂ ಅದನ್ನೆತ್ತಲು ಹೆಚ್ಚು ವಿದ್ಯುತ್ತು ಬೇಕು. ಹೆಚ್ಚು ಎತ್ತಿದಷ್ಟೂ ನೀರು ಮತ್ತಷ್ಟು ಆಳಕ್ಕಿಳಿಯುತ್ತದೆ. ಹಿಂದೆ ತಾನಾಗಿ ಹರಿದು ಬರುತ್ತಿದ್ದ ನೀರು ಇಂದು ತಂತಿಯ ಹಂಗಿಗೆ ಬಿದ್ದಿದೆ.

ಈ ಹಂಗನ್ನು ಹರಿದುಕೊಳ್ಳುವ ಯತ್ನ ಈ ಜಿಲ್ಲೆಯಲ್ಲಿ ನಡೆಯದೆ ಇಲ್ಲ. ಈ ಶತಮಾನದ ಮೊದಲ ದಶಕದಲ್ಲಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ, ಕೊರಟಗೆರೆಯ ಕಡೆಯ ಕಬ್ಬಿಗೆರೆಯಲ್ಲಿ ಕಟ್ಟಿಗೆಯಿಂದ ಅನಿಲವನ್ನು ತೆಗೆದು ವಿದ್ಯುತ್ತನ್ನು ಉತ್ಪಾದಿಸಲಾಯಿತು. ಪ್ರಯೋಗ ಸ್ತುತ್ಯರ್ಹವಾಗಿದ್ದರೂ ಊರೂರಿಗೆ ಹಬ್ಬುವಷ್ಟು ಬೆಳೆಯಲಿಲ್ಲ.

ಬೃಹತ್ ಪ್ರಮಾಣದ ಯತ್ನವನ್ನು ನೋಡಬೇಕಾದರೆ ಮಧುಗಿರಿಯಿಂದ ಇನ್ನೂ ಉತ್ತರಕ್ಕೆ, ಆಂಧ್ರದ ಸೆರಗಿನಲ್ಲಿರುವ ಪಾವಗಡ ತಾಲ್ಲೂಕಿಗೆ ಹೋಗಬೇಕು. ಮಳೆಗಿಂತ ಬಿಸಿಲೇ ಧಾರಾಳವಾದ, ಮೇಲಿಂದ ಮೇಲೆ ಬರಪೀಡಿತವೆಂದು ಘೋಷಿತವಾದ ಪ್ರದೇಶವಿದು. ಇಲ್ಲಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ನೀಲಿ ಫಲಕಗಳು ಸಾಲುಸಾಲಾಗಿ ಹರಡಿಕೊಂಡಿವೆ. ದೂರದಿಂದ ನೋಡಿದವನಿಗೆ ತುಂಬಿದ ಕೆರೆಯ ಭ್ರಮೆಯಾದರೆ ಆಶ್ಚರ್ಯವಿಲ್ಲ. 2018ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡು, 2019ರ ಕೊನೆಗೆ ಪೂರ್ಣಗೊಂಡ ಈ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ರೈತರಿಂದ ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಕೆ. ಮಳೆ ಕೈಕೊಟ್ಟ ವರ್ಷ ಬಿತ್ತಿದ ಕಡಲೆಕಾಯಿ ಬೀಜದ ಹಣವೂ ಹುಟ್ಟದಿದ್ದ ನೆಲಕ್ಕೆ ಇದು ಸಣ್ಣ ಮಾತಲ್ಲ. ಭೂಮಿಯ ಹಕ್ಕೂ ಉಳಿಯಿತು, ಮನೆಗೆ ನಿಶ್ಚಿತ ಆದಾಯವೂ ಬಂತು.

ಆದರೆ ಭೂಮಿಯಿಲ್ಲದವನ ಪಾಡೇನು? ಬಾಡಿಗೆ ಸಲ್ಲುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಹೋಗುತ್ತಿದ್ದ ಹೆಂಗಸಿಗೆ ಹೊಲದ ಜೊತೆಗೆ ಕೂಲಿಯೂ ಹೋಯಿತು. ಕುರಿ ಮೇಯಿಸುವವನಿಗೆ ಬೇಲಿ ಅಡ್ಡ ಬಂತು. ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸಗಳು ಹುಟ್ಟಿದರೂ ಅವು ಎಲ್ಲರಿಗೂ ಸಾಲುವಷ್ಟಿಲ್ಲ.

ಇಲ್ಲಿ ಆಫ್ರಿಕದ ನೈಜೀರಿಯಾ ದೇಶ ನೆನಪಿಗೆ ಬರುತ್ತದೆ. 1950-60ರ ದಶಕಗಳಲ್ಲಿ ಅದರ ಕಾನೋ ನಗರದಲ್ಲಿ ರಫ್ತಿಗಾಗಿ ಪೇರಿಸಿಟ್ಟ ಕಡಲೆಕಾಯಿ ಮೂಟೆಗಳ ಗೋಪುರಗಳು ಜಗತ್ಪ್ರಸಿದ್ಧವಾಗಿದ್ದವು. 1970ರ ದಶಕದಲ್ಲಿ ಅವು ಕಣ್ಮರೆಯಾದವು. ಬರ ಮತ್ತು ಬೆಳೆರೋಗ ಇದಕ್ಕೆ ಕಾರಣವಾದಂತೆ, ನೆಲದಡಿಯ ತೈಲದಿಂದ ಹರಿದುಬಂದ ಹಣವೂ ಕಾರಣವಾಯಿತು. ಸುಲಭದ ಆದಾಯ ಬಂದಾಗ ಸರ್ಕಾರದ ಗಮನ ಹೊಲದಿಂದ ಸರಿಯಿತು. ತೈಲದ ಬೆಲೆ ಕುಸಿದಾಗ ದೇಶವೇ ತತ್ತರಿಸಿತು. ಪಾವಗಡದ ಬಿಸಿಲು ತೈಲದಂತೆ ಬತ್ತುವುದಿಲ್ಲ, ಅದರ ಬಾಡಿಗೆಯೂ ಕುಸಿಯುವಂತಹುದಲ್ಲ. ಆದರೆ ಗುತ್ತಿಗೆಗೆ ಅವಧಿಯುಂಟು. ಅದು ಮುಗಿಯುವ ವೇಳೆಗೆ ಒಂದು ತಲೆಮಾರು ಬೇಸಾಯವನ್ನು ಮರೆತಿರುತ್ತದೆ.

ಬಿಸಿಲಿನ ವಿದ್ಯುತ್ತು ಲಾರಿಯ ಟ್ಯಾಂಕನ್ನು ಇಂದೇ ತುಂಬಿಸಲಾರದು. ಸದ್ಯಕ್ಕೆ ಅದು ಕಡಿಮೆ ಮಾಡುವುದು ಮುಖ್ಯವಾಗಿ ಕಲ್ಲಿದ್ದಲಿನ ಖರ್ಚನ್ನು. ವಿದ್ಯುತ್ ಬಸ್ಸು, ರೈಲುಗಳು ಹೆಚ್ಚಿದಂತೆ ತೈಲದ ಹೊರೆಯೂ ಇಳಿದೀತು. ದೇಶಕ್ಕೆ ಇದರಿಂದ ಲಾಭವೇ ಸರಿ. ಆದರೆ ಆ ಬಾಡಿಗೆಯ ಹಣದಲ್ಲಿ ಎಷ್ಟು ಪಾಲು ಮಕ್ಕಳ ವಿದ್ಯೆಗೆ, ಎಷ್ಟು ಪಾಲು ಹೊಸ ಕಸುಬಿಗೆ, ಎಷ್ಟು ಪಾಲು ಭೂಹೀನರ ಕೂಲಿಗೆ ತಿರುಗುವುದೋ ಅದರ ಮೇಲೆ ಈ ಸೀಮೆಯ ಹಣೆಬರಹ ನಿಂತಿದೆ. ಹರಿದು ಹೋಗುವ ಮಳೆಯನ್ನು ಕಟ್ಟಿ ನಿಲ್ಲಿಸಿ, ತೂಬಿನಿಂದ ಸರದಿಯಂತೆ ಹಂಚುವುದನ್ನು ದೊಡ್ಡೇರಿಯ ಸೀಮೆಯವರು ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು. ಬಿಸಿಲಿನ ಹಣಕ್ಕೂ ಅಂಥದೇ ಒಂದು ಏರಿ, ಒಬ್ಬ ನೀರುಗಂಟಿ ಬೇಕಾಗಿದ್ದಾರೆ.