ಮೂಟೆ ಎಣಿಸುವ ಕೆಲಸ

ಸೈಕಲ್ಲನ್ನೇ ತೆಗೆದುಕೊಳ್ಳಿ, ಈ ಗಲ್ಲಿಗೆ ಜೀಪು ಹಿಡಿಸುವುದಿಲ್ಲ. ಮುಂದೆ ಹೋಗುತ್ತಿರುವ ನೀಲಿ ಟೋಪಿಯ ಬ್ರಿಟಿಷ್ ಹುಡುಗನ ಹಿಂದೆಯೇ ತುಳಿಯಿರಿ. ಇದು ಸೈಪ್ರಸ್‌ನ ರಾಜಧಾನಿ ನಿಕೋಸಿಯಾದ ನಟ್ಟನಡುವೆ. ಎಡಕ್ಕೆ ಗ್ರೀಕರ ಕಡೆ, ಬಲಕ್ಕೆ ತುರ್ಕರ ಕಡೆ, ನಡುವಿನ ಪಟ್ಟಿಗೆ ವಿಶ್ವಸಂಸ್ಥೆಯ ಕಾವಲು. ದ್ವೀಪಕ್ಕೆ ಅಡ್ಡಲಾಗಿ 180 ಕಿಲೋಮೀಟರ್ ಹಾಯುವ ಆ ಪಟ್ಟಿ ಇಲ್ಲಿ ಬರೀ ಒಂದು ಓಣಿಯಗಲ.

ಹುಡುಗ ಬ್ರೇಕು ಹಿಡಿದ. ಎದುರಿನ ಕಿಟಕಿಯಲ್ಲಿ ಮರಳಿನ ಮೂಟೆಗಳು. ಬಿಸಿಲಿಗೆ ಚೀಲ ಪಿಸಿದು ಮರಳು ಸೋರಿದೆ, ಒಂದರಲ್ಲಿ ಹುಲ್ಲು ಹುಟ್ಟಿದೆ. ಅವನು ಎಣಿಸುತ್ತಾನೆ. 1974ರ ಆಗಸ್ಟಿನಲ್ಲಿ ಎರಡೂ ಕಡೆಯ ಗುಂಡು ನಿಂತಾಗ ಹೇಗಿತ್ತೋ ಹಾಗೇ ಇರಬೇಕು. 1989ರಲ್ಲಿ ಎರಡೂ ಕಡೆಯವರು ಮಾತಾಡಿಕೊಂಡು ಖಾಲಿ ಮಾಡಿದ ಠಾಣೆ ಖಾಲಿಯೇ ಇರಬೇಕು. ಒಂದು ಮೂಟೆ ಹೆಚ್ಚಾದರೂ ಬರೆದುಕೊಳ್ಳಬೇಕು, ಮೇಲಿನವರು ಆ ಕಡೆಯ ಅಧಿಕಾರಿಯನ್ನು ಕಂಡು ಹೇಳಿ ತೆಗೆಸಬೇಕು. ರಾತ್ರೋರಾತ್ರಿ ಬಾಂದುಕಲ್ಲು ಸರಿಸುವವರನ್ನು ಕಂಡವರಿಗೆ ಇದು ತಮಾಷೆ ಅನ್ನಿಸಲಾರದು.

ವಿಶ್ವಸಂಸ್ಥೆಗೆ ಸ್ವಂತ ಸೈನ್ಯವಿಲ್ಲ. ಭದ್ರತಾ ಮಂಡಳಿ ಠರಾವು ಮಾಡುತ್ತದೆ, ದೇಶಗಳು ಆಳು ಕಳಿಸುತ್ತವೆ. ಪಶ್ಚಿಮದ ತುದಿಗೆ ಅರ್ಜೆಂಟೀನಾದವರು, ಪೂರ್ವಕ್ಕೆ ಸ್ಲೊವಾಕಿಯಾದವರು, ಊರೊಳಗೆ ಈ ಹುಡುಗನ ಪಡೆ. 1964ರ ಮಾರ್ಚ್ 4ರ 186ನೇ ಠರಾವು ಇವರಿಗೆ ಕೊಟ್ಟಿದ್ದು ಮೂರೇ ತಿಂಗಳು! ವಾಯಿದೆ ಮುಂದೂಡುತ್ತ ಅರವತ್ತು ವರ್ಷ ದಾಟಿದೆ. 1964ರಲ್ಲೇ ಪಡೆಯ ಮುಖ್ಯಸ್ಥರಾಗಿ ಬಂದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ. 1965ರ ಡಿಸೆಂಬರಿನಲ್ಲಿ ಇಲ್ಲೇ ತೀರಿಕೊಂಡರು.

ಇನ್ನೂ ಮುಂದೆ, ನೆಲಮಾಳಿಗೆಗೆ ತಲೆ ಬಗ್ಗಿಸಿ ಇಳಿಯಿರಿ. ಟಾರ್ಚಿನ ಬೆಳಕಿಗೆ ಸಾಲು ಸಾಲು ಟೊಯೊಟಾ ಕಾರುಗಳು, 1974ರಲ್ಲಿ ಮಾರಾಟಕ್ಕೆಂದು ಹಡಗಿನಿಂದ ಇಳಿದವು. ಬಂದರಿನಿಂದ ಅಂಗಡಿವರೆಗೆ ಓಡಿದ್ದೇ ಅವುಗಳ ಓಟ. ಬಾನೆಟ್ಟಿನ ಮೇಲೆ ಬೆರಳಿಟ್ಟರೆ ಧೂಳು ಕಂಬಳಿಯಂತೆ ಏಳುತ್ತದೆ. ಚಕ್ರಗಳು ಗಾಳಿ ಹೋಗಿ ನೆಲಕ್ಕೆ ಅಂಟಿವೆ. ಕೊಳ್ಳಬೇಕಿದ್ದವರು ಈಗ ಮುದುಕರಾಗಿರಬೇಕು.

ಮೇಲೆ ಹತ್ತಿ ಬಂದಾಗ ಗೋಡೆಯಾಚೆ ಎಲ್ಲೋ ಕಾಫಿ ಲೋಟದ ಸದ್ದು. ಹುಡುಗ ಆರು ತಿಂಗಳಿಗೆ ಮನೆಗೆ ಹೋಗುತ್ತಾನೆ, ಲೆಕ್ಕ ಮುಂದಿನವನಿಗೆ ಒಪ್ಪಿಸಬೇಕು. ವಾಪಸ್ಸು ಬರುವಾಗ ಅದೇ ಕಿಟಕಿಯ ಕೆಳಗೆ ಮತ್ತೆ ನಿಂತ. ಪೂರ್ತಿ ಸೋರಿಹೋದ ಆ ಕೊನೆಯ ಮೂಟೆಯನ್ನು ಎಣಿಕೆಗೆ ಹಿಡಿಯಬೇಕೋ ಬೇಡವೋ ಎಂದು ಟೋಪಿ ಸರಿಸಿ ತಲೆ ಕೆರೆದುಕೊಳ್ಳುತ್ತಿದ್ದಾನೆ.